ಹೈಪೋ ರೂಪಾಯಿ

ನಮ್ಮ ಮೂವರ ನಡುವೆ ಇದ್ದ ಜಗಳ ಒಂದೇ: ಬೆಳ್ಳಿ ರೂಪಾಯಿಯ ಬಣ್ಣ ತಿರುಗಿದರೆ ಅದು ಹೊಲಸೋ, ಸೊಗಸೋ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ದಿಲ್ಲಿಯಲ್ಲಿ ಸರ್ಕಾರಗಳು ಬೀಳುತ್ತಿದ್ದವು, ಏಳುತ್ತಿದ್ದವು. ನಾವು ಮಾತ್ರ ಹಗರಿಬೊಮ್ಮನಹಳ್ಳಿಯ ನನ್ನ ಫೋಟೋ ಸ್ಟುಡಿಯೋದ ಕಿಟಕಿ ಪಕ್ಕ ಕೂತು, ಅದರ ಮೇಲಿನ, ಎಂದೋ ಸತ್ತು ಮಣ್ಣಾದ ಗಡ್ಡದ ಬ್ರಿಟಿಷ್ ರಾಜನೊಬ್ಬನ ಕೆನ್ನೆ ಯಾವ ಬಣ್ಣವಿದ್ದರೆ ಚೆಂದ ಎಂದು ಗಂಟಲು ಹರಿದುಕೊಳ್ಳುತ್ತಿದ್ದೆವು. ಮಾಡಲು ಬೇರೆ ಕೆಲಸವಿಲ್ಲದವರು ಎಂದು ನೀವು ಅಂದುಕೊಂಡರೆ ತಪ್ಪೇನಿಲ್ಲ. ಸಂತೆಯ ದಿನ ಮತ್ತು ಮದುವೆಯ ತಿಂಗಳುಗಳು ಬಿಟ್ಟರೆ ನನ್ನ ಸ್ಟುಡಿಯೋದಲ್ಲಿ ನೊಣಗಳದೇ ದರ್ಬಾರು.

ಮೂವರಲ್ಲಿ ಹಿರಿಯರು ಹರಪನಹಳ್ಳಿಯ ಮೇಷ್ಟ್ರು. ನಿವೃತ್ತರು. ಹೋಗುವ ಬರುವ ಬಸ್ಸಿನಲ್ಲೆಲ್ಲ ಅವರ ಹಳೆಯ ಶಿಷ್ಯರೇ ಕಂಡಕ್ಟರುಗಳಾಗಿದ್ದರಿಂದ ಅವರಿಗೆ ಸೀಟಿನ ತೊಂದರೆ ಇರಲಿಲ್ಲ. ಅವರಿಗೆ ಬೇಕಾದದ್ದು ಕಪ್ಪು ರೂಪಾಯಿ. ಕಪ್ಪೆಂದರೆ ರೊಟ್ಟಿ ಹಂಚಿನ ತಳದ ಕಪ್ಪು; ರಾಜನ ಮೂಗು, ಕಿರೀಟದ ತುದಿ ಎರಡು ಮಾತ್ರ ಬೂದುಬಣ್ಣಕ್ಕೆ ಮಿಣುಕಬೇಕು. "ಇದು ವಯಸ್ಸು ಕಣಪ್ಪ. ಮುಖದಾಗೆ ವಯಸ್ಸು ಕಾಣದ ಮುದುಕನ್ನ ನಾನು ನಂಬೋದಿಲ್ಲ" ಎನ್ನುತ್ತಿದ್ದರು. ಅವರ ಮೀಸೆ ಮಾತ್ರ ಪ್ರತಿ ಹದಿನೈದು ದಿನಕ್ಕೊಮ್ಮೆ ಪುಡಿ ಕಲಸಿ ಹಚ್ಚಿಕೊಂಡ ಕಪ್ಪು. ಅದನ್ನು ಯಾರೂ ಅವರ ಎದುರಿಗೆ ಎತ್ತುತ್ತಿರಲಿಲ್ಲ.

ಎರಡನೆಯವರು ಕೊಟ್ಟೂರಿನ ಶೇಂಗಾ ಸಾಹುಕಾರರು. ಮೈಯೆಲ್ಲ ಬಿಳಿ, ಅಂಗಿ ಬಿಳಿ, ಧೋತರ ಬಿಳಿ, ಟೊಪ್ಪಿಗೆ ಬಿಳಿ. ರೂಪಾಯಿಯೂ ಹಾಗೇ ಇರಬೇಕು. "ಬೆಳ್ಳಿ ಅಂದ್ರ ಬೆಳ್ಳಗಿರಬೇಕ್ರಿ. ಕರ್ರಗಿದ್ದದ್ದ ಬೇಕಂದ್ರ ಕಬ್ಬಿಣ ಕೂಡಿಡ್ತಿದ್ದೆ" ಎನ್ನುವುದು ಅವರ ಸಿದ್ಧಾಂತ. ಮೊದಮೊದಲು ಸಿಕ್ಕಿದ್ದನ್ನೆಲ್ಲ ಅಂಟುವಾಳದ ನೀರಿಗೆ ಹಾಕಿ ತಿಕ್ಕಿಸಿಬಿಡುತ್ತಿದ್ದರು. ಹಾಗೆ ಒಮ್ಮೆ ಕೂಡ್ಲಿಗಿಯಲ್ಲಿ ಸಿಕ್ಕ ಒಂದು ಕಡುಗಪ್ಪು ರೂಪಾಯಿಯನ್ನು ತಿಕ್ಕಿಸಿದಾಗ ಮೇಷ್ಟ್ರು ಎರಡು ತಿಂಗಳು ಅವರ ಜೊತೆ ಮಾತು ಬಿಟ್ಟರು, ಸಾವಿನ ಮನೆಗೆ ಹೋಗಿ ಬಂದವರಂತೆ ಸ್ಟುಡಿಯೋಕ್ಕೆ ಬಂದು ಸುಮ್ಮನೆ ಕೂತು ಹೋಗುತ್ತಿದ್ದರು. ಆಮೇಲೆ ಸಾಹುಕಾರರು ಸ್ವಲ್ಪ ಬಗ್ಗಿದರು. ನಡುವೆ ಬಿಳಿಯಿದ್ದು ಅಂಚಿಗೆ ಮಾತ್ರ ಒಂದೆಳೆ ಹೊಂಬಣ್ಣ ಬಂದಿದ್ದರೆ, ಧೋತರಕ್ಕೆ ಜರಿ ಅಂಚು ಇದ್ದಂತೆ, ಅದು ನಡೆಯುತ್ತದೆ ಎಂದು ಒಪ್ಪಿಕೊಂಡರು. ಅದಕ್ಕಿಂತ ಒಂದು ಕೂದಲೆಳೆ ಒಳಗೆ ಬಂದರೂ ಅವರ ದೃಷ್ಟಿಯಲ್ಲಿ ಅದು ಹೊಲಸು.

ನಾನು ಈ ಎರಡರ ನಡುವಿನ ಜಾತಿ. ನನಗೆ ಬೇಕಾದದ್ದು ಬಣ್ಣ. ಬೆಳ್ಳಿ ಒಂದೇ ಏಟಿಗೆ ಕಪ್ಪಾಗುವುದಿಲ್ಲ. ಹೋಗುವ ದಾರಿಯಲ್ಲಿ ಹಳದಿ, ಕೆಂಪು, ನೇರಳೆ, ನೀಲಿ ಎಲ್ಲ ಊರುಗಳಲ್ಲೂ ಇಳಿದು ಹೋಗುತ್ತದೆ. ಅಲ್ಲೆಲ್ಲೋ ನಡುದಾರಿಯಲ್ಲಿ ನಿಂತ ರೂಪಾಯಿಯನ್ನು ಬೆಳಕಿಗೆ ವಾರೆ ಹಿಡಿದು ನೋಡಬೇಕು. ಆದರೆ ನೋಡಿದ್ದನ್ನು ಹೇಳುವುದು ಹೇಗೆ? ಗಂಡಸರಿಗೆ ಗೊತ್ತಿರುವ ಬಣ್ಣಗಳು ಕೆಂಪು, ಹಸಿರು ಮತ್ತು 'ಒಂಥರಾ'. ನಮ್ಮ ಮನೆಯಲ್ಲಿ ಬಣ್ಣಗಳ ಹೆಸರು ಗೊತ್ತಿದ್ದದ್ದು ನನ್ನ ಅವ್ವನಿಗೆ, ಅದೂ ಸೀರೆಗಳ ದೆಸೆಯಿಂದ. ನಾನು ಅಂಗೈಯಲ್ಲಿ ರೂಪಾಯಿ ಇಟ್ಟುಕೊಂಡು ಹೊಸ್ತಿಲಲ್ಲಿ ಕೂತಿದ್ದರೆ ಕೊಡ ಹೊತ್ತುಕೊಂಡು ಹಾಯುವಾಗಲೇ ಒಂದು ಕಣ್ಣು ಹಾಯಿಸಿ, "ಇದು ಉಳ್ಳಾಗಡ್ಡಿ ಸಿಪ್ಪಿ", "ಇದು ಬದನೀಕಾಯಿ", "ಇದು ಮಾವಿನ ಚಿಗುರು, ಬಾಳಿಕಿ ಬರೂದಿಲ್ಲ" ಎಂದು ತೀರ್ಪು ಕೊಟ್ಟು ಒಳಗೆ ಹೋಗುತ್ತಿದ್ದಳು. ಆ ಹೆಸರುಗಳನ್ನೇ ನಾನು ಸ್ಟುಡಿಯೋಕ್ಕೆ ಕದ್ದು ತಂದೆ. ಸ್ವಲ್ಪ ದಿನಕ್ಕೆ ಮೇಷ್ಟ್ರು, ಸಾಹುಕಾರರು ಕೂಡ ಸೀರೆ ಅಂಗಡಿಯಲ್ಲಿ ಕೂತ ಬೀಗಿತ್ತಿಯರ ಹಾಗೆ ಮಾತಾಡತೊಡಗಿದರು.

ರುಚಿ ಬೇರೆಬೇರೆಯಾದರೂ ಕಾನೂನು ಒಂದೇ ಇತ್ತು. ಬಣ್ಣ ತಾನಾಗಿ ಬಂದಿರಬೇಕು, ತಂದಿರಬಾರದು. ತಂಬಾಕಿನ ಚೀಲದಲ್ಲಿ ಬಿದ್ದು ಬಂದಿರಲಿ, ಗೋಡೆಯೊಳಗಿನ ಕುಡಿಕೆಯಲ್ಲಿ ಬಂದಿರಲಿ, ಹಡಗಲಿಯ ಹೂವಿನ ಬುಟ್ಟಿಯ ತಳದ ಒದ್ದೆ ಬಟ್ಟೆಯಲ್ಲಿ ಬಂದಿರಲಿ, ಯಾರೂ ಕಣ್ಣು ಹಾಕದೆ ಇದ್ದಾಗ ಬಂದಿರಬೇಕು. ಕಾನಹೊಸಹಳ್ಳಿ ಕಡೆಯವನೊಬ್ಬ ಗಂಧಕದ ಹೊಗೆ ಕೊಟ್ಟು ನಾಲ್ಕೇ ದಿನದಲ್ಲಿ ನೇರಳೆ ಮಾಡಿ ತಂದು ಸಿಕ್ಕಿಬಿದ್ದಿದ್ದ. ಅಂದಿನಿಂದ ಅವನ ಹೆಸರೇ ಗಂಧಕ ಎಂದಾಯಿತು. ಕೂಡ್ಲಿಗಿಯಿಂದ ಹಡಗಲಿಯವರೆಗೆ ರೂಪಾಯಿ ಕೂಡಿಡುವ ಒಬ್ಬನೂ ಅವನಿಗೆ ತನ್ನ ಡಬ್ಬಿ ಬಿಚ್ಚಿ ತೋರಿಸಲಿಲ್ಲ. ಅವನ ಎದುರು ಡಬ್ಬಿ ಮುಚ್ಚುವುದನ್ನು ನಾನೂ ಕಂಡಿದ್ದೇನೆ, ನಾನೂ ಮುಚ್ಚಿದ್ದೇನೆ.

ಇಂಥ ಕಾನೂನಿನ ಕಂಪನಿಯಲ್ಲಿ ನನ್ನ ಕಸುಬೇ ನನಗೆ ಶತ್ರು. ಕತ್ತಲೆ ಕೋಣೆಯಲ್ಲಿ ಫೋಟೋ ಅಳಿಯದಂತೆ ನಿಲ್ಲಿಸಲು ಹೈಪೋ ಎಂಬ ಒಂದು ಬಿಳಿ ಹರಳಿನ ನೀರು ಬೇಕು. ಅದು ಬೆಳ್ಳಿಗೆ ತಾಗಿದರೆ ಸಾಕು, ಬೆಳ್ಳಿ ಕಂದಿ ಬಣ್ಣ ತಿರುಗುತ್ತದೆ. ನನ್ನ ಉಗುರುಗಳು ಸದಾ ಕಂದು, ಬೆರಳುಗಳು ಸದಾ ವಾಸನೆ. ಅದು ಸಾಲದೆಂಬಂತೆ ಊರ ಹೆಣ್ಣುಮಕ್ಕಳ ಮೈಬಣ್ಣ ತಿದ್ದುವವನೂ ನಾನೇ. ಗಂಡಿನ ಕಡೆಯವರಿಗೆ ತೋರಿಸುವ ಫೋಟೋ ಎಂದರೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ, ನಮ್ಮ ಬಿಸಿಲಿಗೆ ಹದವಾದ ಹುಡುಗಿಯನ್ನು ಮೈದಾಹಿಟ್ಟಿನ ಹುಡುಗಿ ಮಾಡಬೇಕು. ನನ್ನ ದೆಸೆಯಿಂದ ಮದುವೆಯಾದವರು ಎಷ್ಟೋ ಮಂದಿ. ಮದುವೆಯಾದ ಮೇಲೆ ಸ್ಟುಡಿಯೋಕ್ಕೆ ಬಂದು ನನ್ನನ್ನು ಗುರಾಯಿಸಿ ಹೋದ ಅಳಿಯಂದಿರೂ ಉಂಟು.

ಆ ವರ್ಷ ಯುಗಾದಿಗೆ ಮುಂಚೆ ಮನೆಗೆ ಸುಣ್ಣ ಬಳಿಯುವ ಕೆಲಸ ನನ್ನ ತಲೆಗೆ ಬಂತು. ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು, ಅವ್ವ ಹಂಪಸಾಗರದಲ್ಲಿ ತಂಗಿಯ ಮನೆಗೆ ಹೋಗಿದ್ದಳು. ದೇವರ ಗೂಡಿನ ಸಾಮಾನು ತೆಗೆಯುತ್ತಿದ್ದಾಗ ಹಿಂದಿನ ಮೂಲೆಯಲ್ಲಿ, ಇಂಗಿನ ಡಬ್ಬಿಯ ಬೆನ್ನಿಗೆ ಒತ್ತಿಕೊಂಡು, ಅರಿಸಿನ ಬಟ್ಟೆಯ ಒಂದು ಪುಟ್ಟ ಗಂಟು ಸಿಕ್ಕಿತು. ಮುಡುಪು. ನಮ್ಮ ಕಡೆ ಹರಕೆ ಹೊತ್ತವರು ಒಂದು ನಾಣ್ಯವನ್ನು ಅರಿಸಿನ ನೀರಲ್ಲಿ ಅದ್ದಿದ ಬಟ್ಟೆಯಲ್ಲಿ ಕಟ್ಟಿ ಗೂಡಿನಲ್ಲಿ ಇಡುತ್ತಾರೆ. ಕೇಳಿಕೊಂಡದ್ದು ಕೈಗೂಡಿದರೆ ಒಯ್ದು ದೇವರಿಗೆ ಒಪ್ಪಿಸುತ್ತಾರೆ. ಬಟ್ಟೆ ಒಣಗಿ ಹಪ್ಪಳದಂತಾಗಿತ್ತು. ಇದು ಖಂಡಿತ ಸತ್ತ ಅಜ್ಜಿಯದು ಎಂದುಕೊಂಡೆ. ಕೇಳಿಕೊಂಡವಳೇ ಇಲ್ಲ ಎಂದಮೇಲೆ ಕೊಡುವವರು ಯಾರು, ಇಸಿದುಕೊಳ್ಳುವವರು ಯಾರು? ಹಲ್ಲಿನಿಂದ ಗಂಟು ಬಿಚ್ಚಿದೆ.

ಒಳಗಿದ್ದ ರೂಪಾಯಿಯನ್ನು ನೋಡಿ ನಾನು ಸುಣ್ಣದ ಬಕೆಟ್ಟಿನ ಪಕ್ಕದಲ್ಲೇ ನೆಲಕ್ಕೆ ಕೂತೆ. ನವಿಲುಗತ್ತು. ರಾಜನ ಕುತ್ತಿಗೆಯ ಹತ್ತಿರ ಹೊಂಬಣ್ಣ, ಕಿವಿಗೆ ಬರುವಷ್ಟರಲ್ಲಿ ಕೆಂಪು, ಹಿಂದೆ ಖಾಲಿ ಜಾಗದಲ್ಲೆಲ್ಲ ನೀಲಿಯೋ ಹಸಿರೋ ಹೇಳಲಾಗದ ಒಂದು ಹೊಳಪು. ಬಟ್ಟೆಯ ನೂಲಿನ ಗೆರೆಗಳು ಕೂಡ ಅದರೊಳಗೆ ನವಿರಾಗಿ ಮೂಡಿದ್ದವು. ಅಷ್ಟು ಚೆಂದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಕಳ್ಳತನ ಮಾಡಲಿಲ್ಲ, ಅದಲುಬದಲು ಮಾಡಿದೆ. ಸಾಹುಕಾರರು ಕೊಟ್ಟಿದ್ದ ಒಂದು ಫಳಫಳ ಬಿಳಿ ರೂಪಾಯಿಯನ್ನು ಅದೇ ಬಟ್ಟೆಯಲ್ಲಿಟ್ಟು ಕಟ್ಟಿ ಅದೇ ಮೂಲೆಗೆ ತಳ್ಳಿದೆ. ಮುಡುಪು ನಮ್ಮ ಊರಮ್ಮನಿಗೆ ಸೇರಬೇಕಾದದ್ದು. ಊರಮ್ಮ ಛಾಯೆ ನೋಡಿ ಕೂಡಿಡುವವಳಲ್ಲ. ಅವಳು ಸಾಹುಕಾರರ ಪಂಗಡ, ಬಿಳಿಯೇ ಅವಳಿಗೆ ಇಷ್ಟ ಎಂದು ನನಗೆ ನಾನೇ ಹೇಳಿಕೊಂಡೆ. ದೇವರ ಪರವಾಗಿ ನಾವೇ ಮಾತಾಡಿಕೊಂಡರೆ ಎಷ್ಟು ಬೇಗ ಒಪ್ಪಂದವಾಗುತ್ತದೆ ನೋಡಿ.

ಮುಂದಿನ ಭಾನುವಾರ ಇಬ್ಬರಿಗೂ ತೋರಿಸಿದೆ. ಸಾಹುಕಾರರು ನೋಡಿ ಮೇಷ್ಟ್ರ ಕೈಗೆ ದಾಟಿಸಿದರು. ಮೇಷ್ಟ್ರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು, ಆಮೇಲೆ ಮೂಗಿಗೆ ಹಿಡಿದರು.

"ವಾಸನೆ ಬರ್ತೈತಲ್ಲಪ್ಪ" ಎಂದರು.

"ನನ್ನ ಬೆರಳಿಂದರಿ ಅದು" ಎಂದೆ.

"ಅದ ನಾನೂ ಅನ್ನೂದು" ಎಂದರು ಸಾಹುಕಾರರು. "ಫೋಟೋದೋರ, ಮದುವಿ ಹುಡುಗ್ಯಾರ ಮೈಬಣ್ಣ ತಿದ್ದೋರು ನೀವು. ರಾಜನ ಮೈಬಣ್ಣ ತಿದ್ದೂದು ನಿಮಗ ಎಷ್ಟೊತ್ತಿನ ಕೆಲಸ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಉಗುರು ನೋಡಿಕೊಂಡೆ. ಅದನ್ನು ಇಬ್ಬರೂ ಕಂಡರು. ಮುಡುಪು ಅಂದೆ, ಅಜ್ಜಿ ಅಂದೆ, ಇಂಗಿನ ಡಬ್ಬಿ ಅಂದೆ. ಹೇಳುತ್ತಾ ಹೋದಂತೆ ನನಗೇ ಅದು ಕಟ್ಟುಕತೆಯಂತೆ ಕೇಳಿಸತೊಡಗಿತು. ಮೇಷ್ಟ್ರು ರೂಪಾಯಿಯನ್ನು ಮೇಜಿನ ಮೇಲಿಟ್ಟು, ತಾವು ತಂದಿದ್ದ ತಮ್ಮ ಡಬ್ಬಿಯ ಮುಚ್ಚಳ ಹಾಕಿದರು. ತೆರೆದಿದ್ದದ್ದನ್ನು ನನ್ನ ಕಣ್ಣೆದುರೇ ಮುಚ್ಚಿದರು.

ಹದಿನೈದು ದಿನಕ್ಕೆ ಅದಕ್ಕೊಂದು ಹೆಸರು ಹುಟ್ಟಿತು, ಹೈಪೋ ರೂಪಾಯಿ. ಕೂಡ್ಲಿಗಿಯ ಅಕ್ಕಸಾಲಿ ಪತ್ತಾರರೊಬ್ಬರು ಬಸ್ಸಿನಲ್ಲಿ ಸಿಕ್ಕಿ, ಹೈಪೋ ಎಲ್ಲಿ ಸಿಗುತ್ತದೆ, ಒಂದಿಷ್ಟು ತರಿಸಿಕೊಡಿ ಎಂದು ನಗುನಗುತ್ತಾ ಕೇಳಿದರು. ಹಡಗಲಿಯವನೊಬ್ಬ, ಎಂದಿನಂತೆ ಕಾಗದದಲ್ಲಿ ಕಟ್ಟಿ ತಂದ ರೂಪಾಯಿಗಳನ್ನು ನಾನು ಸ್ಟುಡಿಯೋದ ಒಳಗೆ ಕಾಲಿಟ್ಟ ಕೂಡಲೇ ಜೇಬಿಗೆ ಸೇರಿಸಿದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೊಟ್ಟೆಪಾಡಿಗೆ ನೂರು ಮುಖಕ್ಕೆ ಸುಳ್ಳು ಬಳಿದಿದ್ದೇನೆ, ಅದಕ್ಕೆಲ್ಲ ಜನ ಕೈಮುಗಿದು ಹೋಗಿದ್ದಾರೆ. ಬದುಕಿನಲ್ಲಿ ಒಂದೇ ಒಂದು ಸಲ, ಬೆರಳು ಕೂಡ ಸೋಕಿಸದ ಬಣ್ಣವನ್ನು ತಂದು ತೋರಿಸಿದರೆ ನಾನು ಗಂಧಕನ ತಮ್ಮ.

ಉಳಿದದ್ದು ಒಂದೇ ದಾರಿ. ಅವ್ವನ ಸಾಕ್ಷಿ. ನಮ್ಮತ್ತಿ ಕಟ್ಟಿಟ್ಟ ಮುಡುಪು ಗೂಡಿನಲ್ಲಿತ್ತು ಎಂದು ಅವಳು ಒಂದು ಮಾತು ಹೇಳಿದರೆ ಮುಗಿಯಿತು. ಅವಳು ಹಂಪಸಾಗರದಿಂದ ಬಂದ ಮೇಲೆ ಮೇಷ್ಟ್ರಿಗೂ ಸಾಹುಕಾರರಿಗೂ ಮನೆಗೆ ಬರಹೇಳಿದೆ. ಅವ್ವನಿಗೆ ಮೊದಲೇ ಹೇಳಬೇಕಿತ್ತು. ಹೇಳಿದರೆ ಗಂಟು ಬಿಚ್ಚಿದ್ದಕ್ಕೆ ಬೈಯುತ್ತಾಳೆ, ಬಂದವರ ಎದುರಾದರೆ ಬೈಯಲಾರಳು ಎಂದು ನನ್ನ ಲೆಕ್ಕ.

ಬಂದರು. ಅವ್ವ ಮಂಡಕ್ಕಿ ಒಗ್ಗರಣೆ ಮಾಡಿ ಕೊಟ್ಟಳು, ಚಹಾ ಕೊಟ್ಟಳು, ಬಾಗಿಲಿಗೆ ಒರಗಿ ಕೂತಳು. ಮೇಷ್ಟ್ರು ಬಾಯಿಪಾಠ ಒಪ್ಪಿಸಿಕೊಳ್ಳುವ ಗತ್ತಿನಲ್ಲಿ ರೂಪಾಯಿಯನ್ನು ಅವಳ ಮುಂದೆ ಹಿಡಿದರು.

"ತಾಯಿ, ಇದು ಯಾವ ಬಣ್ಣ?"

"ನವಿಲುಗತ್ತು" ಎಂದಳು ಅವ್ವ, ಯೋಚಿಸದೆ. "ಚಲೋ ಐತಿ."

"ನಿಮ್ಮ ದೇವರ ಗೂಡಿನಾಗಿನ ಮುಡುಪಿನೊಳಗೆ ಇತ್ತು ಅಂತಾನೆ ನಿಮ್ಮ ಮಗ. ಹೌದಾ?"

ಅವ್ವ ನನ್ನ ಮುಖ ನೋಡಿದಳು, ರೂಪಾಯಿ ನೋಡಿದಳು. "ನಮ್ಮ ಗೂಡಿನ್ಯಾಗ ಇರೋದು ಒಂದ ಮುಡುಪ್ರಿ. ಅದು ನಾ ಕಟ್ಟಿದ್ದು. ನಾ ಕಟ್ಟಿದ್ದು ಬೆಳ್ಳಗಿತ್ತು. ಇದು ನಂದಲ್ಲ."

ಅಜ್ಜಿಯದಲ್ಲ, ಅವ್ವನದು ಎಂದು ನನಗೆ ತಿಳಿದದ್ದು ಆಗ. ಸಾಹುಕಾರರು ಧೋತರ ಝಾಡಿಸಿಕೊಂಡು, ಕೇಸು ಮುಗಿಯಿತು ಎಂಬಂತೆ ಚಹಾದ ಬಟ್ಟಲು ಕೆಳಗಿಟ್ಟರು. ಮೇಷ್ಟ್ರು ನನ್ನ ಕಡೆ ನೋಡಲೂ ಇಲ್ಲ. ಹೆತ್ತ ತಾಯಿಯೇ ನನ್ನನ್ನು ಗಂಧಕನ ಪಕ್ಕ ಕೂಡಿಸಿದ್ದಳು.

ಅಷ್ಟಕ್ಕೆ ಬಿಡದೆ ಅವಳು ಎದ್ದು ಒಳಗೆ ಹೋದಳು. "ನಂದು ಇಲ್ಲೇ ಐತಿ, ಬೇಕಾದ್ರ ನೋಡ್ರಿ" ಎನ್ನುತ್ತಾ ಅರಿಸಿನ ಗಂಟನ್ನು ಅಂಗೈಯಲ್ಲಿಟ್ಟುಕೊಂಡು ಬಂದಳು. ಬಂದವಳು ಬಾಗಿಲಲ್ಲೇ ನಿಂತಳು. ಅವಳ ಹೆಬ್ಬೆರಳು ಗಂಟಿನ ಮೇಲೆ ಒಂದು ಸಲ ಆಡಿತು, ಇನ್ನೊಂದು ಸಲ ಆಡಿತು.

"ಈ ಗಂಟು ನಂದಲ್ಲ" ಎಂದಳು.

ಗಂಟನ್ನು ಬೆಳಕಿಗೆ ತಿರುಗಿಸಿದಳು.

"ನಾ ತುದಿ ಒಳಗ ಮಡಚಿ ಕಟ್ತೀನಿ. ಇದು ಫೋಟೋ ಪಾರ್ಸಲ್ ಕಟ್ಟೋ ಗಂಟು." ಆಮೇಲೆ, ನನ್ನ ಕಡೆ ತಿರುಗಿ, ದನಿ ಏರಿಸದೆ ಕೇಳಿದಳು. "ಬಿಚ್ಚಿದೇನ ನೀನು?"

ಬಿಚ್ಚಿದೆ ಎಂದೆ. ಎಲ್ಲ ಹೇಳಿದೆ. ಸುಣ್ಣ, ಹಲ್ಲು, ಸಾಹುಕಾರರ ಬಿಳಿ ರೂಪಾಯಿ, ಎಲ್ಲ. ಮೇಷ್ಟ್ರು ಅವಳ ಕೈಯಿಂದ ಗಂಟು ಇಸಿದುಕೊಂಡು ಬಿಚ್ಚಿದರು. ಒಳಗಿನ ಬಿಳಿ ರೂಪಾಯಿಯನ್ನು ಸಾಹುಕಾರರು ನೋಡಿದ ಕೂಡಲೇ ಗುರುತು ಹಿಡಿದರು, ತಾವೇ ತಿಕ್ಕಿಸಿದ್ದಲ್ಲವೇ. ಮೇಷ್ಟ್ರು ಬಟ್ಟೆಯನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದು, ಅದರ ನೂಲಿನ ಗೆರೆಗಳನ್ನು ನವಿಲುಗತ್ತಿನ ರೂಪಾಯಿಯ ಗೆರೆಗಳ ಜೊತೆ ಹೊಂದಿಸಿ ನೋಡಿದರು.

"ತಾನಾಗಿ ಬಂದದ್ದು" ಎಂದರು. "ತಪ್ಪಾಯ್ತು ಕಣಪ್ಪ. ಇದು ತಾನಾಗಿ ಬಂದದ್ದು."

ಗೆದ್ದಿದ್ದೆ. ಆ ಕ್ಷಣ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಎದ್ದು ಕುಣಿಯುವುದೊಂದು ಬಾಕಿ. ಮೇಷ್ಟ್ರು ಈಗ ಪೂರಾ ಜಾತಕ ಕೇಳಲು ಕೂತರು. "ಕಟ್ಟಿ ಎಷ್ಟು ವರ್ಷಾತು ತಾಯಿ?"

"ಹದಿನೇಳು."

"ಏನಂತ ಬೇಡ್ಕೊಂಡು ಕಟ್ಟಿದ್ರಿ?"

ಅವ್ವ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಇವ ಎಸ್ಸೆಸ್ಸೆಲ್ಸಿ ಪಾಸಾಗ್ಲಿ ಅಂತ."

ಇಲ್ಲಿ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಎಸ್ಸೆಸ್ಸೆಲ್ಸಿಗೆ ನಾನು ಮೂರು ಸಲ ಕೂತು ಮೂರು ಸಲವೂ ಲೆಕ್ಕದಲ್ಲಿ ಬಿದ್ದವನು. ಆಮೇಲೆ ಸೋದರಮಾವ ಕ್ಯಾಮೆರಾ ಕೈಗೆ ಕೊಟ್ಟ, ಬದುಕು ನಡೆಯಿತು. ಮೇಷ್ಟ್ರ ಎದುರು ಮಾತ್ರ ನಾನು ಪಾಸಾದವನ ಹಾಗೆಯೇ ನಡೆದುಕೊಂಡಿದ್ದೆ. ಅವರೂ ನನ್ನನ್ನು ಏನೂ ಕೇಳಿರಲಿಲ್ಲ. ಊರಮ್ಮನನ್ನು ನಾನು ದೂರುವುದಿಲ್ಲ. ಅವಳಿಗೆ ಸಿಡುಬು ಗೊತ್ತು, ಮಳೆ ಗೊತ್ತು. ಬೀಜಗಣಿತ ಅವಳ ಖಾತೆಯಲ್ಲ.

ಸಾಹುಕಾರರು ಗೊಳ್ಳೆಂದು ನಕ್ಕುಬಿಟ್ಟರು. "ಹಂಗಾರ ಫೋಟೋದೋರು ಪಾಸಾಗಿದ್ರ ಈ ಬಣ್ಣ ಬರ್ತಿದ್ದಿಲ್ಲ ಅನ್ರಿ. ಆವಾಗಲೇ ಊರಮ್ಮನ ಉಡಿಗೆ ಬೀಳ್ತಿತ್ತು."

ನಾನೂ ನಕ್ಕೆ. ನಗದೆ ಏನು ಮಾಡುವುದು. ಮೇಷ್ಟ್ರು ನಗಲಿಲ್ಲ. ಮೂವತ್ತು ವರ್ಷ ಮಕ್ಕಳನ್ನು ಪಾಸು, ಫೇಲು ಮಾಡಿದ ಮನುಷ್ಯ, ಅವ್ವನನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು. "ಫೇಲಾದ ಮೇಲೆ ಮುಡುಪು ಬಿಚ್ಚಬಹುದಿತ್ತಲ್ಲ ತಾಯಿ. ಯಾಕೆ ಹಂಗೇ ಬಿಟ್ರಿ?"

"ಊರಮ್ಮ ಇಲ್ಲ ಅಂದಿಲ್ಲಲ್ರಿ ಮೇಷ್ಟ್ರ" ಎಂದಳು ಅವ್ವ. "ಪರೀಕ್ಷಿ ವರ್ಷಾ ನಡಿತಾವ."

ಸಾಹುಕಾರರ ನಗು ನಿಂತಿತು. ಇಬ್ಬರೂ ಹೆಚ್ಚು ಹೊತ್ತು ಕೂರಲಿಲ್ಲ. ಹೊರಡುವಾಗ ಮೇಷ್ಟ್ರು ನನ್ನ ಹೆಗಲ ಮೇಲೆ ಕೈಯಿಟ್ಟು, ಇನ್ನು ಹೈಪೋ ಎಂದವರ ಬಾಯಿಗೆ ತಾವೇ ಬೀಗ ಹಾಕುವುದಾಗಿ ಹೇಳಿದರು. ಹಾಕಿದರು ಕೂಡ, ಒಂದು ತಿಂಗಳೊಳಗೆ ಹಡಗಲಿಯವನು ತಾನೇ ಬಂದು ತನ್ನ ಕಾಗದದ ಪೊಟ್ಟಣ ನನ್ನ ಮೇಜಿನ ಮೇಲೆ ಬಿಚ್ಚಿದ.

ಅವರು ಹೋದ ಮೇಲೆ ನಾನು ರೂಪಾಯಿಯನ್ನೂ ಬಟ್ಟೆಯನ್ನೂ ಅವ್ವನ ಮುಂದೆ ಹಿಡಿದೆ. "ಮತ್ತ ಕಟ್ಟವ್ವಾ. ನಿನ್ನ ಗಂಟು ಹಾಕು" ಎಂದೆ.

ಅವಳು ಮಂಡಕ್ಕಿಯ ತಟ್ಟೆಗಳನ್ನು ಒಂದರೊಳಗೊಂದು ಇಡುತ್ತಿದ್ದಳು. "ಬಿಚ್ಚಿದ ಮುಡುಪು ಮತ್ತ ಕಟ್ಟಾಕ ಬರೂದಿಲ್ಲಪ್ಪ" ಎಂದಳು. "ನೀನ ಇಟ್ಕೋ. ನೀ ಹುಡುಕಿದ ಬಣ್ಣ ಅಲ್ಲೇನು." ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ನನಗಾಗ ಮೂವತ್ತೈದು. ಸ್ಟುಡಿಯೋ ಇತ್ತು, ಹೆಂಡತಿ ಇದ್ದಳು, ಇವತ್ತೋ ನಾಳೆಯೋ ಒಂದು ಕೂಸು ಬರುವುದಿತ್ತು. ಪಾಸಾಗುವ ಆಸೆ ನನಗೆ ಸತ್ತು ಹದಿನೈದು ವರ್ಷವಾಗಿತ್ತು. ಅವಳು ಮಾತ್ರ ಪ್ರತಿ ವರ್ಷ ಪೇಪರಿನಲ್ಲಿ ಪಾಸಾದವರ ನಂಬರುಗಳು ಬರುವ ದಿನ ಗೂಡಿನ ಮುಂದೆ ದೀಪ ಹಚ್ಚುತ್ತಿದ್ದದ್ದು ಇದಕ್ಕೇ ಎಂದು ನನಗೆ ಹೊಳೆದಿರಲಿಲ್ಲ. ಮೂರು ಸಲ ಪೇಪರಿನಲ್ಲಿ ನನ್ನ ನಂಬರು ಇಲ್ಲದಾಗಲೂ ನಾನು ಅತ್ತವನಲ್ಲ. ಅವತ್ತು ನವಿಲುಗತ್ತಿನ ರೂಪಾಯಿಯನ್ನು ಕೈಯಲ್ಲಿ ಹಿಡಿದುಕೊಂಡು, ನಾಲ್ಕನೆಯ ಸಲ ಫೇಲಾಗಿ, ಅತ್ತೆ.